ಟ್ರಿಪಲ್ ಸೆವೆನ್ ಹೊಡೆಯುವ ಮುಂಚೆ: ಷೇರ್ ಫೋಲ್ಡರ್ ಕಾಯುವವರಿಗೊಂದು ಬಹಿರಂಗ ಪತ್ರ

ಕಚೇರಿಯ ಷೇರ್ ಫೋಲ್ಡರ್ ಕಾಯುವ ಎಲ್ಲ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಹೆಚ್ಚಿನವರ ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂದು ಇಲ್ಲವೆಂಬುದು ನನಗೆ ಗೊತ್ತು. ಒಬ್ಬರು ಪ್ರೆಸ್ಸಿನಲ್ಲಿ ಪುಟ ಕಟ್ಟುವವರು, ಇನ್ನೊಬ್ಬರು ಶಾಲೆಯಲ್ಲಿ ಗಣಿತದ ಜೊತೆಗೆ ಕಂಪ್ಯೂಟರನ್ನೂ ಕಲಿಸುವವರು, ಮತ್ತೊಬ್ಬರು ಆಡಿಟರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ಸ್ ತುಂಬುವವರು. ಯಾವಾಗಲೋ ಒಂದು ದಿನ ಯಾರೋ ‘ನಿಮಗೆ ಲಿನಕ್ಸ್ ಬರುತ್ತಲ್ವಾ?’ ಎಂದು ಕೇಳಿದರು, ನೀವು ಹೂಂಗುಟ್ಟಿದಿರಿ. ಅಂದಿನಿಂದ ಮೂಲೆಯಲ್ಲಿ ಕೂತ ಆ ಹಳೆಯ ಡಬ್ಬ, ಅದರೊಳಗಿನ ಡಾಕರ್, ಡಾಕರಿನೊಳಗಿನ ಸಾಂಬಾ ಎಲ್ಲವೂ ನಿಮ್ಮ ಕೊರಳಿಗೆ ಬಿದ್ದಿವೆ. ಸಂಬಳದಲ್ಲಿ ಅದಕ್ಕೆ ಬಿಡಿಗಾಸೂ ಇಲ್ಲ.

ಫೋನು ಬರುವುದು ಯಾವಾಗಲೂ ಒಂದೇ ದೂರಿಗೆ. ‘ಫೈಲು ಸೇವ್ ಆಗ್ತಿಲ್ಲ. ನಿನ್ನೆ ಆಗ್ತಿತ್ತು.’ ಪರದೆಯ ಮೇಲೆ ಆಕ್ಸೆಸ್ ಡಿನೈಡ್, ಅಥವಾ ಈ ಫೋಲ್ಡರಿಗೆ ನಿಮಗೆ ಅನುಮತಿ ಇಲ್ಲ ಎಂಬರ್ಥದ ಇನ್ನೊಂದು ಮಾತು. ಪರಿಹಾರ ಹುಡುಕಲು ಹೊರಟವರಿಗೆ ಮೊದಲು ಎದುರಾಗುವ ಉತ್ತರವೂ ಒಂದೇ: ಚ್‌ಮಾಡ್, ಮೈನಸ್ ಕ್ಯಾಪಿಟಲ್ ಆರ್, ಟ್ರಿಪಲ್ ಸೆವೆನ್. ಯಾರು ಬೇಕಾದರೂ ಓದಲಿ, ಬರೆಯಲಿ, ಓಡಿಸಲಿ ಎಂದು ಇಡೀ ಫೋಲ್ಡರನ್ನು ಬೀದಿಗೆ ತೆರೆದಿಡುವ ಆಜ್ಞೆ ಅದು. ಆ ಆಜ್ಞೆ ಹೊಡೆಯುವ ಮುಂಚೆ ಅರ್ಧ ಗಂಟೆ ತಡೆದುಕೊಳ್ಳಿ ಎಂದು ಕೇಳಿಕೊಳ್ಳಲಿಕ್ಕೇ ಈ ಪತ್ರ. ಕಮಾಂಡುಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹಾಗೆಯೇ ಬರೆಯುತ್ತೇನೆ. ಕೀಬೋರ್ಡಿನಲ್ಲಿ ಹೇಗೆ ಹೊಡೆಯಬೇಕೆಂಬುದು ನಿಮಗೆ ಗೊತ್ತಿದೆ.

ಟ್ರಿಪಲ್ ಸೆವೆನ್ನಿನ ಮೇಲೆ ನನಗಿರುವ ಮೊದಲ ತಕರಾರು ನೈತಿಕವಾದದ್ದೇನಲ್ಲ. ಅದು ಕೆಲಸ ಮಾಡುವುದಿಲ್ಲ, ಅಷ್ಟೆ. ಇವತ್ತು ಇರುವ ಫೈಲುಗಳಿಗೆ ಅದು ಬೀಗ ತೆಗೆಯುತ್ತದೆ. ನಾಳೆ ಬೆಳಿಗ್ಗೆ ಹುಟ್ಟುವ ಫೈಲು ತನ್ನ ಹಳೆಯ ಕಟ್ಟಲೆಯಂತೆಯೇ ಹುಟ್ಟುತ್ತದೆ. ಹಾಗಾಗಿ ಸೋಮವಾರ ಸರಿಹೋದದ್ದು ಬುಧವಾರ ಮತ್ತೆ ಕೆಡುತ್ತದೆ. ಕೊನೆಗೆ ಆ ಆಜ್ಞೆಯನ್ನು ಕ್ರಾನ್‌ಗೆ ಹಾಕಿ ಹತ್ತು ನಿಮಿಷಕ್ಕೊಮ್ಮೆ ಓಡಿಸುವ ಹಂತಕ್ಕೆ ಬಂದವರನ್ನು ನಾನು ಕಂಡಿದ್ದೇನೆ. ಅದೇ ಡಿಸ್ಕಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಫೋಲ್ಡರು ಇದ್ದರೆ ಇನ್ನೂ ಮಜಾ. ತನ್ನ ಡೇಟಾ ಫೋಲ್ಡರಿನ ಪರ್ಮಿಷನ್ 0700 ಅಥವಾ 0750 ಇಲ್ಲದಿದ್ದರೆ ಅದು ಮೇಲೇಳುವುದೇ ಇಲ್ಲ. ಎಸ್‌ಎಸ್‌ಎಚ್ ಕೂಡ ಹಾಗೆಯೇ. ಎಲ್ಲರಿಗೂ ಓದಲು ಸಿಗುವ ಖಾಸಗಿ ಕೀಲಿಯನ್ನು ಅದು ಮುಟ್ಟುವುದಿಲ್ಲ. ಒಂದು ತೊಂದರೆ ಬಿಡಿಸಲು ಹೋಗಿ ಮೂರು ತಂದುಕೊಂಡ ಹಾಗಾಯಿತು.

ಎರಡನೆಯ ತಕರಾರು ಭದ್ರತೆಯದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ವಿಂಡೋಸ್ ಯಂತ್ರಗಳನ್ನು ಕೆಡವಿದ ಸುದ್ದಿ ನೆನಪಿರಬಹುದು. ಅದೇ ತಿಂಗಳು ಸಾಂಬಾದಲ್ಲೂ ಒಂದು ದೋಷ ಹೊರಬಿತ್ತು, ಜನ ಅದನ್ನು ಸಾಂಬಾಕ್ರೈ ಎಂದು ಕರೆದರು. 3.5.0ರಿಂದ ಈಚೆಗಿನ ಆವೃತ್ತಿಗಳಿಗೆಲ್ಲ ಅಂಟಿದ್ದ ದೋಷ. ದಾಳಿ ಮಾಡುವವನಿಗೆ ಬೇಕಿದ್ದದ್ದು ಬರೆಯಲು ಬಿಡುವ ಒಂದು ಷೇರ್. ಅಲ್ಲಿ ತನ್ನ ಲೈಬ್ರರಿ ಫೈಲೊಂದನ್ನು ತಂದಿಟ್ಟು, ಅದನ್ನು ಸರ್ವರೇ ಎತ್ತಿಕೊಂಡು ಓಡಿಸುವಂತೆ ಮಾಡುತ್ತಿದ್ದ. ಆ ತೂತು ಎಂದೋ ಮುಚ್ಚಿದೆ. ಆದರೆ ಗೆಸ್ಟ್ ಆಗಿ ಬಂದವರೂ ಬರೆಯಬಹುದಾದ ಫೋಲ್ಡರು ಎಂದರೆ ಏನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನು ಕಚೇರಿಯ ಒಂದು ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ ಹತ್ತಿದರೆ, ಆ ಲ್ಯಾಪ್‌ಟಾಪಿನ ಯೂಸರ್ ಎಲ್ಲೆಲ್ಲಿ ಬರೆಯಬಲ್ಲನೋ ಅಲ್ಲೆಲ್ಲ ಫೈಲು ಹಾಳಾಗುತ್ತದೆ. ಟ್ರಿಪಲ್ ಸೆವೆನ್ ಆದಮೇಲೆ ‘ಅಲ್ಲೆಲ್ಲ’ ಎಂದರೆ ಎಲ್ಲ ಕಡೆ.

ಹಾಗಾದರೆ ನಿಜವಾದ ಕಾರಣ ಏನು? ನನ್ನ ಅನುಭವದಲ್ಲಿ ನಾವು ಪರ್ಮಿಷನ್ ತೊಂದರೆ ಎನ್ನುವುದರಲ್ಲಿ ಬಹುಪಾಲು ಗುರುತಿನ ತೊಂದರೆ. ಕರ್ನಲ್‌ಗೆ ಹೆಸರುಗಳು ಗೊತ್ತಿಲ್ಲ. ಪ್ರತಿ ಫೈಲಿನ ಮೇಲೂ ಅದು ಎರಡು ಸಂಖ್ಯೆ ಬರೆದಿಡುತ್ತದೆ: ಒಡೆಯನ ಯುಐಡಿ, ಗುಂಪಿನ ಜಿಐಡಿ. ನೀವು ಪಟ್ಟಿ ಕೇಳಿದಾಗ ಕಾಣುವ ‘ಅಕೌಂಟ್ಸ್’, ‘ಡಿಸೈನ್’ ಮುಂತಾದ ಹೆಸರುಗಳು ಆಮೇಲೆ ಬಳಕೆದಾರರ ಪಟ್ಟಿಯನ್ನು ನೋಡಿ ಹಾಕಿದ ಚೀಟಿಗಳು. ಕಂಟೇನರಿನಲ್ಲಿ ಆಗುವುದು ಏನೆಂದರೆ, ಅದಕ್ಕೆ ಅದರದೇ ಬಳಕೆದಾರರ ಪಟ್ಟಿ ಇರುತ್ತದೆ, ಹೊರಗಿನ ಹೋಸ್ಟಿಗೆ ಅದರದೇ ಪಟ್ಟಿ. ಡಿಸ್ಕು ಮಾತ್ರ ಒಂದೇ. ಎರಡು ಹೋಬಳಿಯ ಶಾನುಭೋಗರು ತಮ್ಮ ತಮ್ಮ ಪುಸ್ತಕದಲ್ಲಿ ಒಂದೇ ಖಾತೆ ನಂಬರನ್ನು ಬೇರೆಬೇರೆಯವರಿಗೆ ಬರೆದುಕೊಂಡು, ಆಮೇಲೆ ಒಂದೇ ಹೊಲದ ಬದುವಿನ ಮೇಲೆ ನಿಂತು ಜಗಳವಾಡಿದ ಹಾಗೆ.

ಉಬುಂಟು, ಡೆಬಿಯನ್‌ಗಳಲ್ಲಿ ಇನ್‌ಸ್ಟಾಲ್ ಮಾಡಿದಾಗ ಹುಟ್ಟುವ ಮೊದಲ ಯೂಸರಿನ ಸಂಖ್ಯೆ 1000. ಕಂಟೇನರಿನೊಳಗೆ ಸೇರಿಸಿದ ಮೊದಲ ಯೂಸರಿಗೂ ಸಾಮಾನ್ಯವಾಗಿ 1000 ಬೀಳುತ್ತದೆ. ಹಾಗಾಗಿ ಒಬ್ಬರೇ ಇರುವವರೆಗೆ ಎಲ್ಲವೂ ಸುಸೂತ್ರ. ಇದು ತಿಳಿದು ಮಾಡಿದ್ದಲ್ಲ, ಕಾಕತಾಳೀಯ. ಎರಡನೆಯವರು ಸೇರಿದ ದಿನ ಅದು ಮುರಿಯುತ್ತದೆ. ವೆಬ್ ಸರ್ವರಿನ ಯೂಸರ್ ಡೆಬಿಯನ್ ಮೂಲದ ಇಮೇಜಿನಲ್ಲಿ 33, ಆಲ್ಪೈನ್ ಮೂಲದ್ದರಲ್ಲಿ 82. ನೆಕ್ಸ್ಟ್‌ಕ್ಲೌಡ್ ಇಟ್ಟುಕೊಂಡವರು ಜಾಗ ಉಳಿಸಲೆಂದು ಒಂದು ಇಮೇಜಿನಿಂದ ಇನ್ನೊಂದಕ್ಕೆ ಹಾರಿದರೆ ನಿನ್ನೆಯ ಅಷ್ಟೂ ಫೈಲು ಪರಕೀಯವಾಗುತ್ತದೆ. ಹೆಸರು ಮಾತ್ರ ಎರಡೂ ಕಡೆ ಒಂದೇ!

ಇದರಲ್ಲೇ ಅತಿ ಕೆಟ್ಟ ಬಗೆಯೊಂದಿದೆ, ಅದನ್ನು ಬಿಡಿಸಿ ಹೇಳಬೇಕು. ಸಾಂಬಾದ ಹಲವು ಸಿದ್ಧ ಇಮೇಜುಗಳು ಯೂಸರ್‌ಗಳ ಪಟ್ಟಿಯನ್ನು ಕಂಪೋಸ್ ಫೈಲಿನಿಂದ ಓದಿ, ಕಂಟೇನರ್ ಏಳುವಾಗ ಒಬ್ಬೊಬ್ಬರನ್ನೇ ಸೇರಿಸುತ್ತವೆ. ಸಂಖ್ಯೆ ಕೊಡದಿದ್ದರೆ ಸೇರಿಸಿದ ಕ್ರಮದಲ್ಲಿ 1000, 1001, 1002 ಎಂದು ಹಂಚುತ್ತ ಹೋಗುತ್ತವೆ. ಈಗ ಪಟ್ಟಿಯಲ್ಲಿ ಮೊದಲಿದ್ದವರು ಕೆಲಸ ಬಿಟ್ಟರು. ನೀವು ಆ ಸಾಲನ್ನು ಅಳಿಸಿ ಕಂಟೇನರನ್ನು ಹೊಸದಾಗಿ ಎಬ್ಬಿಸಿದಿರಿ. ಎರಡನೆಯ ಸಾಲಿನ ಡಿಸೈನಿನವರು 1000 ಆದರು, ಮೂರನೆಯ ಸಾಲಿನ ಅಕೌಂಟ್ಸ್‌ನವರು 1001 ಆದರು. ಡಿಸ್ಕಿನ ಮೇಲಿನ ಸಂಖ್ಯೆ ಕದಲಿಲ್ಲ. ಹಾಗಾಗಿ ಡಿಸೈನಿನವರ ಫೈಲು ಅಕೌಂಟ್ಸ್‌ನವರದಾಯಿತು, ಬಿಟ್ಟುಹೋದವರದು ಡಿಸೈನಿನವರದಾಯಿತು. ಕೆಲವರಿಗೆ ಸೇವ್ ಆಗುತ್ತಿಲ್ಲ ಎಂಬುದು ಇಲ್ಲಿ ಸಣ್ಣ ಸಂಗತಿ. ನೋಡಬಾರದವರು ನೋಡಬಾರದ್ದನ್ನು ನೋಡುತ್ತಿದ್ದಾರೆ, ಅವರ್ಯಾರೂ ನಿಮಗೆ ಫೋನು ಮಾಡುವುದಿಲ್ಲ. ಆದ್ದರಿಂದ ಪ್ರತಿ ಯೂಸರಿಗೂ ಪ್ರತಿ ಗುಂಪಿಗೂ ಸಂಖ್ಯೆಯನ್ನು ನೀವೇ ಕೊಡಿ, ಕಂಪೋಸ್ ಫೈಲಿನಲ್ಲಿ ಬರೆಯಿರಿ, ಬಿಟ್ಟುಹೋದವರ ಸಂಖ್ಯೆಯನ್ನು ಇನ್ನೊಬ್ಬರಿಗೆ ಎಂದೂ ಕೊಡಬೇಡಿ.

ಪರೀಕ್ಷೆ ಸುಲಭ. ಹೋಸ್ಟಿನಲ್ಲಿ ಆ ಫೋಲ್ಡರಿನ ಮೇಲೆ ಎಲ್‌ಎಸ್ ಮೈನಸ್ ಎಲ್‌ಎನ್ ಹೊಡೆಯಿರಿ. ಆ ‘ಎನ್’ ಇದ್ದರೆ ಹೆಸರಿನ ಬದಲು ಸಂಖ್ಯೆ ಬರುತ್ತದೆ. ಆಮೇಲೆ ಡಾಕರ್ ಎಕ್ಸೆಕ್ ಮೂಲಕ ಕಂಟೇನರಿನೊಳಗೆ ಹೋಗಿ ‘ಐಡಿ’ ಎಂದು ಹೊಡೆದು, ಸಂಬಂಧಪಟ್ಟ ಯೂಸರಿನ ಸಂಖ್ಯೆ ಮತ್ತು ಅವರು ಸೇರಿದ ಗುಂಪುಗಳನ್ನು ನೋಡಿ. ಎರಡೂ ಸಾಲನ್ನು ಒಂದರ ಕೆಳಗೊಂದು ಬರೆದಿಟ್ಟರೆ ಎಷ್ಟೋ ಸಲ ಅಲ್ಲೇ ಕೆಲಸ ಮುಗಿಯುತ್ತದೆ.

ಅಲ್ಲಿ ಮುಗಿಯದಿದ್ದರೆ ತಡೆಯುತ್ತಿರುವವರು ಯಾರು ಎಂದು ಪತ್ತೆ ಮಾಡಬೇಕು. ಇದನ್ನು ಎರಡಾಗಿ ಸೀಳಬಹುದು. ಡಾಕರ್ ಎಕ್ಸೆಕ್‌ಗೆ ಮೈನಸ್ ಯು ಕೊಟ್ಟು, ಆ ಯೂಸರಿನ ಹೆಸರಿನಲ್ಲೇ ಕಂಟೇನರಿನೊಳಗೆ ‘ಟಚ್’ ಮಾಡಿ ಒಂದು ಖಾಲಿ ಫೈಲು ಹುಟ್ಟಿಸಲು ನೋಡಿ. ಅದು ಹುಟ್ಟಿತೇ? ಹಾಗಿದ್ದರೆ ಡಿಸ್ಕು ಸರಿಯಿದೆ, ತಡೆಯುತ್ತಿರುವುದು ಸಾಂಬಾದ ಸಂರಚನೆ ಅಥವಾ ವಿಂಡೋಸ್. ಹುಟ್ಟಲಿಲ್ಲವೇ? ಹಾಗಿದ್ದರೆ ಸಾಂಬಾದ ಫೈಲನ್ನು ಎಷ್ಟು ತಿದ್ದಿದರೂ ವ್ಯರ್ಥ. ಷೇರಿನಲ್ಲಿ ‘ರೈಟಬಲ್ ಎಸ್’ ಎಂದಿದ್ದರೂ ಕೆಳಗಿನ ಕರ್ನಲ್ ಬೇಡ ಎಂದರೆ ಮುಗಿಯಿತು. ಸಾಂಬಾ ಇನ್ನಷ್ಟು ಬಿಗಿ ಮಾಡಬಲ್ಲದು, ಕರ್ನಲ್ ಇಲ್ಲವೆಂದದ್ದನ್ನು ಹೌದೆನ್ನಲಾರದು.

ಈ ಜಗಳಗಳಿಗೆ ಒಂದು ಇತಿಹಾಸ ಇದೆ. ಒಡೆಯ, ಗುಂಪು, ಉಳಿದವರು ಎಂಬ ಮೂರು ಪಾಲಿನ ಯುನಿಕ್ಸ್ ಲೆಕ್ಕ 1970ರ ದಶಕದ್ದು. ಬೆಲ್ ಲ್ಯಾಬ್ಸಿನಲ್ಲಿ ಒಂದೇ ಯಂತ್ರಕ್ಕೆ ಹಲವು ಟರ್ಮಿನಲ್ ಹಚ್ಚಿ ಕೂತ ಜನರಿಗಾಗಿ ಹುಟ್ಟಿದ್ದು. ಎಸ್‌ಎಂಬಿ ಎಂಬ ಕಡತ ಹಂಚಿಕೆಯ ಭಾಷೆ 1980ರ ದಶಕದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬಾಮ್ ಅವರಿಂದ ಬಂತು. 1993ರಲ್ಲಿ ವಿಂಡೋಸ್ ಎನ್‌ಟಿ ತನ್ನ ಉದ್ದುದ್ದ ಅನುಮತಿ ಪಟ್ಟಿಗಳ ಜೊತೆ ಬಂತು. ಅದಕ್ಕೂ ತುಸು ಮುಂಚೆ, 1991ರ ಕೊನೆ 1992ರ ಮೊದಲಿನಲ್ಲಿ, ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್, ತಂತಿಯ ಮೇಲೆ ಹೋಗುವ ಪ್ಯಾಕೆಟ್‌ಗಳನ್ನು ನೋಡಿ ನೋಡಿಯೇ ಆ ಭಾಷೆಯನ್ನು ಊಹಿಸಿ ಒಂದು ಸರ್ವರ್ ಬರೆದರು. ಅದೇ ಮುಂದೆ ಸಾಂಬಾ. 2013ರಲ್ಲಿ ಸಾಲಮನ್ ಹೈಕ್ಸ್ ಡಾಕರನ್ನು ತೋರಿಸಿದಾಗ ಇವರ್ಯಾರ ಲೆಕ್ಕವೂ ಬದಲಾಗಲಿಲ್ಲ. ಅವುಗಳ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ನಾವು ಕಚೇರಿಯ ಮೂಲೆಯಲ್ಲಿ ಒಂದೇ ಡಬ್ಬದೊಳಗೆ ನಾಲ್ಕು ಕಾಲದ ಲೆಕ್ಕಾಚಾರವನ್ನು ಕೂರಿಸಿ ಅವು ಹೊಂದಿಕೊಂಡು ಹೋಗಲಿ ಎಂದು ಬಯಸುತ್ತಿದ್ದೇವೆ. ಆಶ್ಚರ್ಯವೆಂದರೆ ಹೆಚ್ಚಿನ ಹೊತ್ತು ಹೊಂದಿಕೊಂಡೇ ಹೋಗುತ್ತವೆ.

ಡಾಕರ್ ತಾನಾಗಿ ಮಾಡುವ ಒಂದು ಉಪಕಾರ ಅಪಕಾರವಾಗುತ್ತದೆ. ಕಂಪೋಸ್ ಫೈಲಿನಲ್ಲಿ ನೀವು ಬರೆದ ಹೋಸ್ಟಿನ ಫೋಲ್ಡರು ಇನ್ನೂ ಇಲ್ಲದಿದ್ದರೆ, ಚಿಕ್ಕ ರೂಪದ ವಾಲ್ಯೂಮ್ ಸಾಲಿಗೆ ಅದು ಸದ್ದಿಲ್ಲದೆ ಆ ಫೋಲ್ಡರನ್ನು ಹುಟ್ಟಿಸಿಬಿಡುತ್ತದೆ. ಒಡೆಯ ರೂಟ್. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅಷ್ಟೆ, ಖಾಲಿ ಫೋಲ್ಡರು, ರೂಟಿನ ಒಡೆತನ, ಯಾರಿಗೂ ಬರೆಯಲು ಆಗದು. ಅದೇ ಡಾಕರ್ ರನ್ ಆಜ್ಞೆಯಲ್ಲಿ ಮೌಂಟ್ ಎಂಬ ಉದ್ದ ರೂಪ ಬಳಸಿದರೆ ಫೋಲ್ಡರು ಇಲ್ಲ ಎಂದು ಅದು ಬೈದು ನಿಲ್ಲುತ್ತದೆ. ನನಗೆ ಬೈಯುವುದೇ ಇಷ್ಟ. ಮೊದಲು ಫೋಲ್ಡರು ಮಾಡಿ, ಒಡೆತನ ಕೊಟ್ಟು, ಆಮೇಲೆ ಕಂಟೇನರ್ ಎಬ್ಬಿಸಿ. ಹೆಸರಿಟ್ಟ ವಾಲ್ಯೂಮಿನ ನಡತೆ ಬೇರೆ: ಖಾಲಿ ಇದ್ದರೆ ಅದು ಇಮೇಜಿನೊಳಗಿನ ಫೋಲ್ಡರಿನ ಒಡೆತನವನ್ನೇ ನಕಲು ಮಾಡಿಕೊಳ್ಳುತ್ತದೆ. ಒಂದೇ ಇಮೇಜು ಒಬ್ಬರಲ್ಲಿ ಸರಿಯಾಗಿ ನಡೆದು ಇನ್ನೊಬ್ಬರಲ್ಲಿ ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು: ಉಳಿದ ಕಂಟೇನರುಗಳಿಗೆ ಮಾಡಿದ ಹಾಗೆ ಸಾಂಬಾದ ಕಂಟೇನರಿಗೂ ಕಂಪೋಸಿನಲ್ಲಿ ‘ಯೂಸರ್ 1000’ ಎಂದು ಬರೆದವರಿದ್ದಾರೆ. ಉದ್ದೇಶ ಒಳ್ಳೆಯದು. ಆದರೆ ಸಾಂಬಾ ರೂಟ್ ಆಗಿ ಎದ್ದು, ಒಳಗೆ ಬಂದ ಪ್ರತಿಯೊಬ್ಬರಿಗೂ ಅವರವರ ಗುರುತು ತೊಟ್ಟು ಕೆಲಸ ಮಾಡಬೇಕು. ಆ ಶಕ್ತಿಯನ್ನು ಕಿತ್ತುಕೊಂಡರೆ ಅದು ಯಾರ ವೇಷವನ್ನೂ ಹಾಕಲಾರದು.

ಸರಿ, ಹೊಸದಾಗಿ ಕಟ್ಟುವುದಾದರೆ ಹೇಗೆ? ಹಲವರು ಬರೆಯುವ ಕಚೇರಿಯ ಫೋಲ್ಡರಿಗೆ ನಾನು ಮಾಡುವುದು ಇಷ್ಟು. ಒಂದು ಗುಂಪು ಮಾಡುತ್ತೇನೆ, ಅದಕ್ಕೆ ಹೋಸ್ಟಿನಲ್ಲೂ ಕಂಟೇನರಿನಲ್ಲೂ ಒಂದೇ ಸಂಖ್ಯೆ, ಉದಾಹರಣೆಗೆ 5000. ಫೋಲ್ಡರಿನ ಗುಂಪನ್ನು ಚೌನ್ ಮಾಡಿ ಅದಕ್ಕೆ ಕೊಡುತ್ತೇನೆ. ಆಮೇಲೆ ಫೋಲ್ಡರಿಗೆ 2770. ಮುಂದಿನ ಆ 2 ಇದೆಯಲ್ಲ, ಈ ಇಡೀ ಪತ್ರದಲ್ಲಿ ಒಂದೇ ಒಂದು ಅಂಕೆ ನೆನಪಿಟ್ಟುಕೊಳ್ಳುವುದಾದರೆ ಅದನ್ನು ಇಟ್ಟುಕೊಳ್ಳಿ. ಅದು ಸೆಟ್‌ಜಿಐಡಿ. ಅದಿರುವ ಫೋಲ್ಡರಿನಲ್ಲಿ ಹುಟ್ಟಿದ ಫೈಲು ಹುಟ್ಟಿಸಿದವರ ಸ್ವಂತ ಗುಂಪಿಗೆ ಹೋಗದೆ ಫೋಲ್ಡರಿನ ಗುಂಪಿಗೇ ಸೇರುತ್ತದೆ, ಒಳಗೆ ಹುಟ್ಟುವ ಫೋಲ್ಡರುಗಳೂ ಆ ಗುಣವನ್ನು ಮುಂದಕ್ಕೆ ಒಯ್ಯುತ್ತವೆ. ಕೊನೆಯ ಸೊನ್ನೆ ಎಂದರೆ ಹೊರಗಿನವರಿಗೆ ಏನೂ ಇಲ್ಲ.

ಸಾಂಬಾದ ಕಡೆ ನೋಡಿದರೆ ಅಲ್ಲಿಯ ಮೂಲ ಕಟ್ಟಲೆ ಒಬ್ಬರೇ ಬರೆಯುವ ಮನೆಗೆ ಹೊಂದುವಂಥದ್ದು. ಕ್ರಿಯೇಟ್ ಮಾಸ್ಕ್ 0744, ಡೈರೆಕ್ಟರಿ ಮಾಸ್ಕ್ 0755. ಎಂದರೆ ಹುಟ್ಟಿಸಿದವರು ಮಾತ್ರ ಬರೆಯಬಹುದು, ಗುಂಪಿನವರು ನೋಡುತ್ತ ಕೂರಬಹುದು. ಇವನ್ನು 0660 ಮತ್ತು 2770 ಮಾಡಿ. ಫೋರ್ಸ್ ಕ್ರಿಯೇಟ್ ಮೋಡ್, ಫೋರ್ಸ್ ಡೈರೆಕ್ಟರಿ ಮೋಡ್ ಎಂಬವಕ್ಕೂ ಅದನ್ನೇ ಕೊಡಿ. ಫೋರ್ಸ್ ಗ್ರೂಪಿಗೆ ಆ ಗುಂಪಿನ ಹೆಸರು. ಗುಂಪಿನ ಹೆಸರು ಶುರುವಾಗುವ ಮೊದಲು ಒಂದು ಪ್ಲಸ್ ಹಾಕಿದರೆ, ಈಗಾಗಲೇ ಆ ಗುಂಪಿನಲ್ಲಿರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ನಾನು ಪ್ಲಸ್ ಹಾಕುವ ಪಕ್ಷ.

ಫೋರ್ಸ್ ಯೂಸರ್ ಎಂಬ ಇನ್ನೊಂದು ಅಡ್ಡದಾರಿ ಇದೆ. ಯಾರೇ ಬರಲಿ, ಡಿಸ್ಕಿನ ಮೇಲೆ ಒಬ್ಬರದೇ ಹೆಸರು. ಮನೆಯಲ್ಲಿ ಸಿನಿಮಾ, ಹಾಡು, ಮಗುವಿನ ಫೋಟೋ ಇಟ್ಟುಕೊಳ್ಳಲು ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ, ಹಾಯಾಗಿ ಬಳಸಿ. ಆಡಿಟರ ಕಚೇರಿಯಲ್ಲಿ ಬೇಡ. ಯಾವ ಫೈಲನ್ನು ಯಾರು ಇಟ್ಟರು ಎಂಬ ಜಾಡು ಡಿಸ್ಕಿನಿಂದ ಅಳಿಸಿಹೋಗುತ್ತದೆ, ಅದು ಬೇಕಾಗುವ ದಿನ ಒಂದಲ್ಲ ಒಂದು ಬರುತ್ತದೆ.

ಅದೇ ಫೋಲ್ಡರಿಗೆ ಬೇರೆ ಕಂಟೇನರೂ ಬರೆಯುತ್ತಿದ್ದರೆ, ಉದಾಹರಣೆಗೆ ಸ್ಕ್ಯಾನರಿನಿಂದ ಬಂದದ್ದನ್ನು ತಂದಿಡುವುದೋ ಡೌನ್‌ಲೋಡ್ ಮಾಡುವುದೋ ಇದ್ದರೆ, ಅದು ಸಾಂಬಾದ ಮಾಸ್ಕನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದರ ಯುಮಾಸ್ಕ್ ಸಾಮಾನ್ಯವಾಗಿ 022, ಹಾಗಾಗಿ ಗುಂಪಿಗೆ ಬರೆಯುವ ಹಕ್ಕು ಸಿಗದು. ಲಿನಕ್ಸ್‌ಸರ್ವರ್ ಬಳಗದ ಇಮೇಜುಗಳಲ್ಲಿ ಪಿಯುಐಡಿ, ಪಿಜಿಐಡಿ, ಯುಮಾಸ್ಕ್ ಎಂಬ ಮೂರು ಮೌಲ್ಯ ಕೊಡಲು ಅವಕಾಶವಿದೆ. ಕೊಡದಿದ್ದರೆ 911 ಎಂಬ ಸಂಖ್ಯೆ ಹಿಡಿದುಕೊಂಡು ಓಡುತ್ತವೆ. ಡಿಸ್ಕಿನಲ್ಲಿ ಎಲ್ಲೋ 911 ಕಂಡರೆ ಯಾರು ಬಂದುಹೋದರೆಂದು ಈಗ ನಿಮಗೆ ಗೊತ್ತು. ಪಿಜಿಐಡಿಗೆ ನಿಮ್ಮ ಗುಂಪಿನ ಸಂಖ್ಯೆ, ಯುಮಾಸ್ಕಿಗೆ 002 ಕೊಡಿ. ಇದೂ ಸಾಲದಿದ್ದರೆ ಸೆಟ್‌ಎಫ್‌ಎಸಿಎಲ್ ಬಳಸಿ ಫೋಲ್ಡರಿಗೆ ಡೀಫಾಲ್ಟ್ ಎಸಿಎಲ್, ಎಂದರೆ ಹೊಸ ಫೈಲುಗಳಿಗೆ ತಾನಾಗಿ ಇಳಿಯುವ ಅನುಮತಿ ಪಟ್ಟಿ, ಹಾಕಬಹುದು. ಒಂದು ಎಚ್ಚರಿಕೆ. ಎಸಿಎಲ್ ಇರುವ ಫೈಲಿನ ಪರ್ಮಿಷನ್ ಅಕ್ಷರಗಳ ಕೊನೆಗೆ ಪ್ಲಸ್ ಗುರುತು ಕಾಣುತ್ತದೆ. ಅಂಥ ಫೈಲಿಗೆ ಚ್‌ಮಾಡ್ ಹೊಡೆದರೆ ಗುಂಪಿನ ಅಂಕೆ ಬದಲಾಗುವ ಬದಲು ಎಸಿಎಲ್‌ನ ಮಾಸ್ಕ್ ಬದಲಾಗುತ್ತದೆ, ನೀವು ಕಷ್ಟಪಟ್ಟು ಕೊಟ್ಟ ಹಕ್ಕುಗಳೆಲ್ಲ ಒಟ್ಟಿಗೇ ಮೊಟಕಾಗಬಹುದು.

‘ನಿನ್ನೆ ಆಗ್ತಿತ್ತು’ ಎಂಬ ಮಾತು ಬಹಳ ಸಲ ನಿಜ, ದೂರುವವರನ್ನು ಗದರಬೇಡಿ. ವರ್ಡ್ ಫೈಲನ್ನು ಉಳಿಸುವಾಗ ಹಳೆಯದರ ಮೇಲೆ ಬರೆಯುವುದಿಲ್ಲ. ಪಕ್ಕದಲ್ಲಿ ಒಂದು ತಾತ್ಕಾಲಿಕ ಫೈಲು ಹುಟ್ಟಿಸಿ, ಅದರಲ್ಲಿ ಎಲ್ಲವನ್ನೂ ಬರೆದು, ಹಳೆಯದನ್ನು ತೆಗೆದು ಅದರ ಹೆಸರನ್ನು ಹೊಸದಕ್ಕೆ ಇಡುತ್ತದೆ. ಲಿನಕ್ಸಿನ ಕಣ್ಣಿಗೆ ಅದು ಹೊಸ ಫೈಲು, ಒಡೆಯರು ಕೊನೆಗೆ ಸೇವ್ ಮಾಡಿದವರು. ಗುಂಪಿನ ಹಕ್ಕು ಸರಿಯಾಗಿ ಕಟ್ಟದಿದ್ದರೆ ನಿಮ್ಮದೇ ಫೈಲು ಪಕ್ಕದ ಮೇಜಿನವರು ಒಂದು ಕಾಗುಣಿತ ತಿದ್ದಿದ ಮಾತ್ರಕ್ಕೆ ಅವರದಾಗುತ್ತದೆ. ಇದರ ಇನ್ನೊಂದು ಮುಖವೂ ಇದೆ: ಅಳಿಸುವ ಹಕ್ಕು ಇರುವುದು ಫೈಲಿನ ಮೇಲಲ್ಲ, ಅದಿರುವ ಫೋಲ್ಡರಿನ ಮೇಲೆ. ಫೈಲನ್ನು ಓದಲು ಮಾತ್ರ ಎಂದು ಬಿಗಿ ಮಾಡಿ, ಫೋಲ್ಡರಿಗೆ ಬರೆಯುವ ಹಕ್ಕು ಕೊಟ್ಟಿದ್ದರೆ ಆ ಫೈಲು ಮಾಯವಾಗಬಹುದು.

ಹೊರಗಿನಿಂದ ಎಳೆದು ತಂದ ಫೈಲುಗಳದೂ ಒಂದು ಕಥೆ. ಒಂದೇ ಡಿಸ್ಕಿನೊಳಗೆ ‘ಮೂವ್’ ಮಾಡಿದ ಫೈಲು ತನ್ನ ಹಳೆಯ ಗುಂಪು, ಹಳೆಯ ಪರ್ಮಿಷನ್ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ. ಸೆಟ್‌ಜಿಐಡಿಯಾಗಲಿ ಡೀಫಾಲ್ಟ್ ಎಸಿಎಲ್ ಆಗಲಿ ಅದನ್ನು ಮುಟ್ಟುವುದಿಲ್ಲ. ‘ಕಾಪಿ’ ಮಾಡಿದ್ದು ಹೊಸದಾಗಿ ಹುಟ್ಟುವುದರಿಂದ ಮನೆಯ ಕಟ್ಟಲೆಗೆ ಒಳಪಡುತ್ತದೆ.

ಈಗಾಗಲೇ ಟ್ರಿಪಲ್ ಸೆವೆನ್ ಹೊಡೆದು ಕೂತಿರುವವರು ಹೀಗೆ ಹಿಂದಕ್ಕೆ ಬನ್ನಿ. ಏನನ್ನಾದರೂ ಮುಟ್ಟುವ ಮೊದಲು ಗೆಟ್‌ಎಫ್‌ಎಸಿಎಲ್ ಅನ್ನು ಕ್ಯಾಪಿಟಲ್ ಆರ್ ಕೊಟ್ಟು ಓಡಿಸಿ, ಬಂದದ್ದನ್ನು ಒಂದು ಫೈಲಿಗೆ ಸುರಿದುಕೊಳ್ಳಿ. ಈಗಿರುವ ಅಷ್ಟೂ ಒಡೆತನ, ಅಷ್ಟೂ ಪರ್ಮಿಷನ್ ಅದರಲ್ಲಿ ಇರುತ್ತದೆ, ಎಡವಟ್ಟಾದರೆ ಸೆಟ್‌ಎಫ್‌ಎಸಿಎಲ್‌ನ ರಿಸ್ಟೋರ್ ಮೂಲಕ ಮರಳಿ ಪಡೆಯಬಹುದು. ಈ ಸೌಕರ್ಯ ಗೊತ್ತಿರುವವರು ಏಕೋ ಕಡಿಮೆ. ಆಮೇಲೆ ‘ಫೈಂಡ್’ ಬಳಸಿ ಫೋಲ್ಡರುಗಳಿಗೆ ಪ್ರತ್ಯೇಕವಾಗಿ 2770, ಫೈಲುಗಳಿಗೆ ಪ್ರತ್ಯೇಕವಾಗಿ 660 ಕೊಡಿ. ಚ್‌ಮಾಡ್‌ನ ಕ್ಯಾಪಿಟಲ್ ಎಕ್ಸ್ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ ಎಂದು ಯಾರಾದರೂ ಹೇಳಬಹುದು. ಸಾಧಾರಣವಾಗಿ ಅದು ಸರಿಯೇ, ಆದರೆ ಟ್ರಿಪಲ್ ಸೆವೆನ್ ಆದ ಫೈಲುಗಳೆಲ್ಲ ಈಗಾಗಲೇ ಓಡಿಸಬಹುದಾದವು ಎಂದು ಗುರುತಾಗಿರುವುದರಿಂದ ಅದು ಅವನ್ನು ಹಾಗೆಯೇ ಬಿಡುತ್ತದೆ.

ಏನು ಮಾಡಿದರೂ ಬದಲಾಗದ ಡಿಸ್ಕುಗಳು ಇವೆ. ಯುಎಸ್‌ಬಿ ಡಿಸ್ಕು ಎಕ್ಸ್‌ಫ್ಯಾಟ್ ಆಗಿದ್ದರೆ ಅದರ ಮೇಲೆ ಒಡೆಯ, ಗುಂಪು ಎಂಬ ಕಲ್ಪನೆಯೇ ಇಲ್ಲ. ಚೌನ್ ಹೊಡೆದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದು ಬರುತ್ತದೆ, ರೂಟ್ ಆಗಿ ಹೊಡೆದರೂ. ಅಲ್ಲಿ ಒಡೆತನ ತೀರ್ಮಾನವಾಗುವುದು ಮೌಂಟ್ ಮಾಡುವಾಗ ಕೊಡುವ ಯುಐಡಿ, ಜಿಐಡಿ, ಯುಮಾಸ್ಕ್ ಎಂಬ ಆಯ್ಕೆಗಳಿಂದ. ಕೈಲಾದರೆ ಕಚೇರಿಯ ಡಿಸ್ಕನ್ನು ಎಕ್ಸ್ಟ್ 4ಕ್ಕೆ ಬದಲಿಸಿಕೊಳ್ಳಿ.

ಫೆಡೋರಾ, ರೆಡ್‌ಹ್ಯಾಟ್ ಬಳಗದವರಿಗೆ ಎಸ್‌ಇಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರ ಇದ್ದಾನೆ. ಅವನು ಟ್ರಿಪಲ್ ಸೆವೆನ್ನಿಗೂ ಜಗ್ಗುವುದಿಲ್ಲ. ವಾಲ್ಯೂಮ್ ಸಾಲಿನ ಕೊನೆಗೆ ಸಣ್ಣ ಝಡ್ ಹಾಕಿದರೆ ಹಲವು ಕಂಟೇನರುಗಳು ಹಂಚಿಕೊಳ್ಳುವ ಲೇಬಲ್, ದೊಡ್ಡ ಝಡ್ ಹಾಕಿದರೆ ಆ ಒಂದಕ್ಕೆ ಮಾತ್ರ. ದೊಡ್ಡ ಝಡ್ಡನ್ನು ಹೋಮ್ ಫೋಲ್ಡರಿನ ಮೇಲೆ ಹಾಕಿದವರು ಆಮೇಲೆ ಲಾಗಿನ್ ಆಗಲು ಪರದಾಡಬಹುದು. ರೂಟ್‌ಲೆಸ್ ಪಾಡ್‌ಮನ್ ಬಳಸುವವರ ಲೆಕ್ಕ ಬೇರೆ: ಒಳಗಿನ ರೂಟ್ ಎಂದರೆ ಹೊರಗೆ ನೀವೇ; ನಿಮಗೆ ಹಂಚಿದ ಸಂಖ್ಯೆಗಳು 100000ರಿಂದ ಶುರುವಾದರೆ ಒಳಗಿನ 1000 ಹೊರಗೆ 100999 ಆಗುತ್ತದೆ. ಪ್ರಾಕ್ಸ್‌ಮಾಕ್ಸಿನ ಅನ್‌ಪ್ರಿವಿಲೆಜ್ಡ್ ಕಂಟೇನರಿನಲ್ಲಿ ಅದೇ 1000 ಹೊರಗೆ 101000. ಡಿಸ್ಕಿನಲ್ಲಿ ಇಂಥ ಲಕ್ಷದ ಸಂಖ್ಯೆ ಕಂಡು ಗಾಬರಿಯಾಗಿ ಅಳಿಸಬೇಡಿ. ಪಾಡ್‌ಮನ್‌ನಲ್ಲಿ ಒಡೆತನ ಬದಲಿಸಬೇಕಾದರೆ ‘ಪಾಡ್‌ಮನ್ ಅನ್‌ಷೇರ್’ ಮುಂದಿಟ್ಟು ಚೌನ್ ಮಾಡಿ.

ವಿಂಡೋಸಿನಲ್ಲಿ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ ಸೆಕ್ಯೂರಿಟಿ ಟ್ಯಾಬಿನಲ್ಲಿ ಹಕ್ಕು ಹಂಚಲು ಯಾರೂ ಕೈಹಾಕದಿರಲಿ. ಸಾಂಬಾ ಆ ಪಟ್ಟಿಯನ್ನು ಯಥಾವತ್ತಾಗಿ ಉಳಿಸಬೇಕಾದರೆ ಕಂಟೇನರಿಗೆ ಸಿಸ್-ಅಡ್ಮಿನ್ ಎಂಬ ಬಹು ದೊಡ್ಡ ಅಧಿಕಾರ ಕೊಡಬೇಕಾಗುತ್ತದೆ. ಅದಕ್ಕಾಗಿ ಕಂಟೇನರನ್ನು ಪ್ರಿವಿಲೆಜ್ಡ್ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ವಿಂಡೋಸಿನದೇ ಇನ್ನೆರಡು ಕಿತಾಪತಿ. ಒಂದು, ‘ಮ್ಯಾಪ್ ಟು ಗೆಸ್ಟ್, ಬ್ಯಾಡ್ ಯೂಸರ್’ ಎಂಬ ಸಾಲು. ಡೆಬಿಯನ್, ಉಬುಂಟುಗಳ ಸಾಂಬಾ ಸಂರಚನೆಯಲ್ಲಿ ಇದು ಮೊದಲಿಂದಲೇ ಇರುತ್ತದೆ. ಸಾಂಬಾಗೆ ಗೊತ್ತಿಲ್ಲದ ಹೆಸರಿನಲ್ಲಿ ಬಂದವರನ್ನು ಅದು ತಳ್ಳದೆ ಗೆಸ್ಟ್ ಎಂದು ಒಳಗೆ ಕೂರಿಸುತ್ತದೆ. ಗೆಸ್ಟ್‌ಗೆ ಬಿಟ್ಟ ಷೇರಾದರೆ ಫೋಲ್ಡರು ಕಾಣುತ್ತದೆ, ಫೈಲು ತೆರೆಯುತ್ತದೆ, ಸೇವ್ ಮಾತ್ರ ಆಗದು. ನೀವು ಪರ್ಮಿಷನ್ ಹುಡುಕುತ್ತ ರಾತ್ರಿ ಕಳೆಯುತ್ತೀರಿ, ಕಾರಣ ಯೂಸರ್ ಹೆಸರಿನಲ್ಲಿ ಬಿಟ್ಟುಹೋದ ಒಂದಕ್ಷರ. ಇನ್ನೊಂದು, ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಒಟ್ಟಿಗೆ ಹೋಗಲು ವಿಂಡೋಸ್ ಬಿಡುವುದಿಲ್ಲ, 1219 ಎಂಬ ಎರರ್ ಕೊಡುತ್ತದೆ. ‘ನೆಟ್ ಯೂಸ್’ ಹೊಡೆದು ಹಳೆಯ ಸಂಪರ್ಕ ನೋಡಿ, ಡಿಲೀಟ್ ಮಾಡಿ, ಹೊಸ ಹೆಸರಿನಲ್ಲಿ ಬನ್ನಿ. ವಿಂಡೋಸ್ 11ರ 24ಎಚ್2 ಬಂದಮೇಲಂತೂ ಪ್ರೊ ಆವೃತ್ತಿಯಲ್ಲಿ ಗೆಸ್ಟ್ ಪ್ರವೇಶವೇ ಬಂದ್ ಆಗಿದೆ. ಗೆಸ್ಟ್ ನಂಬಿಕೊಂಡಿದ್ದ ಕಚೇರಿಗಳು ಅಪ್‌ಡೇಟ್ ಆದ ಬೆಳಿಗ್ಗೆ ಷೇರ್ ಕಾಣದೆ ಕೂತದ್ದು ಇದರಿಂದಲೇ. ಎಲ್ಲರಿಗೂ ಹೆಸರು, ಪಾಸ್‌ವರ್ಡ್ ಕೊಡಲು ಅದೊಂದು ಒಳ್ಳೆಯ ನೆಪ.

ಕನ್ನಡದಲ್ಲಿ ಕಡತದ ಹೆಸರಿಡುವವರಿಗೆ ಮಾತ್ರ ಬರುವ ಒಂದು ತೊಂದರೆ ಉಳಿಯಿತು. ಎಕ್ಸ್ಟ್ 4ರಲ್ಲಿ ಒಂದು ಹೆಸರು 255 ಬೈಟ್ ಮೀರಬಾರದು. ಇಂಗ್ಲಿಷಿಗೆ ಅದು 255 ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ ನಮಗೆ ಸಿಗುವುದು 85 ಸಂಕೇತ. ಅದೂ ಒತ್ತು, ಕಾಗುಣಿತ, ಅನುಸ್ವಾರ ಎಲ್ಲ ಸೇರಿ. ‘ಸ್ವಾತಂತ್ರ್ಯ’ ಎಂಬುದು ಕಣ್ಣಿಗೆ ಮೂರಕ್ಷರ, ಡಿಸ್ಕಿಗೆ 11 ಸಂಕೇತ, 33 ಬೈಟ್. ವಿಂಡೋಸ್ ತನ್ನ ಸಿ ಡ್ರೈವಿನಲ್ಲಿ ಬೈಟ್ ಎಣಿಸದೆ ಸಂಕೇತ ಎಣಿಸುವುದರಿಂದ, ಅಲ್ಲಿ ಸಲೀಸಾಗಿ ಕೂತಿದ್ದ ‘ವಾರ್ಷಿಕ ಮಹಾಸಭೆಯ ಕಾರ್ಯಕಲಾಪಗಳ ಪಟ್ಟಿ ಮತ್ತು ಸದಸ್ಯರ ಆಕ್ಷೇಪಣೆಗಳು ಅಂತಿಮ ತಿದ್ದುಪಡಿಗಳು ಮತ್ತು ಅಧ್ಯಕ್ಷರ ಟಿಪ್ಪಣಿಯೊಂದಿಗೆ’ ಎಂಬಂಥ ಹೆಸರು ಸರ್ವರಿಗೆ ಬರಲು ಒಪ್ಪುವುದಿಲ್ಲ. ದೂರು ಮಾತ್ರ ಅದೇ, ಸೇವ್ ಆಗ್ತಿಲ್ಲ. ಇಕ್ರಿಪ್ಟ್‌ಎಫ್‌ಎಸ್ ಬಳಸಿ ಗೂಢಲಿಪಿಗೆ ಹಾಕಿದ ಫೋಲ್ಡರಾದರೆ ಮಿತಿ ಇನ್ನೂ ಕಿರಿದು, 143 ಬೈಟ್. ಎಂದರೆ ಕನ್ನಡದ 47 ಸಂಕೇತ. ಒಂದೇ ಫೋಲ್ಡರಿನಲ್ಲಿ ಕೆಲವು ಫೈಲು ಹೋಗುತ್ತವೆ, ಕೆಲವು ಹೋಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಹೆಸರಿನ ಉದ್ದ ಅಳೆಯಿರಿ. ಹೆಸರನ್ನು ಇಂಗ್ಲಿಷಿನಲ್ಲಿಡಿ ಎಂದು ಮಾತ್ರ ಸಲಹೆ ಕೊಡಬೇಡಿ. ಚಿಕ್ಕದಾಗಿಡಿ ಎನ್ನಿ.

ಇಷ್ಟಾದರೂ ಬಿಡಿಸಲಾಗದೆ ನನಗೋ ಇನ್ನೊಬ್ಬರಿಗೋ ಕೇಳುವುದಾದರೆ, ‘ಪರ್ಮಿಷನ್ ಪ್ರಾಬ್ಲಮ್, ಅರ್ಜೆಂಟ್’ ಎಂದು ಪರದೆಯ ಫೋಟೋ ಕಳಿಸಬೇಡಿ. ಹೋಸ್ಟಿನಲ್ಲೂ ಕಂಟೇನರಿನಲ್ಲೂ ಎಲ್‌ಎಸ್ ಮೈನಸ್ ಎಲ್‌ಎನ್ ಕೊಟ್ಟ ಉತ್ತರ, ಆ ಯೂಸರಿನ ಐಡಿ, ‘ಟೆಸ್ಟ್‌ಪಾರ್ಮ್ ಮೈನಸ್ ಎಸ್’ ತೋರಿಸುವ ಸಾಂಬಾ ಸಂರಚನೆ, ಕಂಪೋಸ್ ಫೈಲಿನ ವಾಲ್ಯೂಮ್ ಸಾಲುಗಳು, ಟಚ್ ಪರೀಕ್ಷೆ ಗೆದ್ದಿತೋ ಸೋತಿತೋ ಎಂಬುದು, ಡಿಸ್ಕು ಯಾವ ಬಗೆಯದು ಎಂಬುದು, ಇವನ್ನು ಕಳಿಸಿ. ಕಳಿಸುವ ಮುಂಚೆ ಕಂಪೋಸ್ ಫೈಲಿನಲ್ಲಿರುವ ಪಾಸ್‌ವರ್ಡ್‌ಗಳನ್ನು ಅಳಿಸಿಕೊಳ್ಳಿ.

ಇತಿ,
ನಿಮ್ಮ ಹಾಗೆಯೇ ಸಂಬಳವಿಲ್ಲದ ಸರ್ವರ್ ಕಾಯುವ ಒಬ್ಬ